ಬಾಗಿಲಲ್ಲಿ ನಿಂತವಳು

ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ‘ನಗುತ್ತಾ ಹೋಗಿ, ಮತ್ತೆ ಬನ್ನಿ’ ಎಂದು ಅಚ್ಚಾಗಿತ್ತು. ಸುಜೀಶ್ ಗೇಟಿನ ಹೊರಗೆ ನಿಂತು ಅದರ ಒಳಮೈಯನ್ನು ಹೊರಗೆ ಮಾಡಿ ತಿರುಗಿಸುತ್ತಿದ್ದ. ಪ್ಲಾಸ್ಟಿಕ್ಕು ತೆಳ್ಳಗಿತ್ತು. ತಿರುಗಿಸಿದರೂ ಅಕ್ಷರಗಳು ಉಲ್ಟಾ ಆಗಿ ಕಾಣುತ್ತಲೇ ಇದ್ದವು. ಕೊನೆಗೆ ಒಳಗಿದ್ದ ಬಿಳಿ ಬಟ್ಟೆಯನ್ನು ಹೊರಗೆಳೆದುಕೊಂಡು, ಕವರನ್ನು ಮುದುರಿ ಪ್ಯಾಂಟಿನ ಜೇಬಿಗೆ ತುರುಕಿದ.

ಅದು ಕೋಡಿ. ಸತ್ತವರ ಮೈಮೇಲೆ ಬೇಕಾದವರು ಹೊದಿಸುವ, ಒಮ್ಮೆಯೂ ನೀರು ಕಾಣದ ಹೊಸ ಬಟ್ಟೆ. ಅಂಗಡಿಯ ಪರವಾಗಿ ಇದನ್ನು ಹೊದಿಸಿ ಬಾ ಎಂದು ಅಂಗಡಿಯ ಮಾಲೀಕ, ಮುದಲಾಳಿ, ಕಳಿಸಿದ್ದ. ಜೊತೆಗೆ ಇನ್ನೆರಡು ಕೆಲಸ ಹೇಳಿದ್ದ. ತೀರಿಕೊಂಡ ಪ್ರೇಮಜಳ ಮಗಳನ್ನು ಕಂಡು, ತಾಯಿಯ ಕೆಲಸ ಅವಳಿಗೇ ಕೊಡುತ್ತೇವೆ ಎಂದು ತಿಳಿಸಿ, ಹೂಂ ಅನ್ನಿಸಿಕೊಂಡು ಬರಬೇಕು. ವ್ಯಾನಿನಲ್ಲಿ ಬಂದ ಅಂಗಡಿಯ ಹೆಂಗಸರನ್ನು ಮಧ್ಯಾಹ್ನದ ಒಳಗೆ ವಾಪಸು ಫ್ಲೋರಿಗೆ ನಿಲ್ಲಿಸಬೇಕು. “ಮದುವೆ ಸೀಸನ್ನು ಸುಜೀಶೇ. ಸತ್ತೋರು ಸತ್ತರು, ಗಿರಾಕಿ ಕಾಯ್ತಾರಾ?” ಎಂದಿದ್ದ. ಇದರಲ್ಲಿ ಒಂದು ತಪ್ಪಿದರೂ ನಾಳೆ ಮ್ಯಾನೇಜರನ ಗಾಜಿನ ಕ್ಯಾಬಿನ್ನಿನಲ್ಲಿ ಇನ್ನೊಬ್ಬ ಕೂತಿರುತ್ತಾನೆ ಎಂಬುದು ಸುಜೀಶನಿಗೆ ಗೊತ್ತಿತ್ತು.

ಅಂಗಳದಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಬಾಡಿಗೆ ಕುರ್ಚಿಗಳು ಸಾಲಾಗಿದ್ದವು. ಮುಂದಿನ ಸಾಲುಗಳು ಪೂರಾ ಖಾಲಿ. ಅಂಗಡಿಯ ಹೆಂಗಸರು ಮಾತ್ರ ಗೋಡೆಗುಂಟ ನಿಂತಿದ್ದರು. ಎಲ್ಲರಿಗೂ ಮರೂನ್ ಬಣ್ಣದ ಯೂನಿಫಾರ್ಮ್ ಸೀರೆ. ಬೆನ್ನು ಗೋಡೆಗೆ ತಾಗಿರಲಿಲ್ಲ. ಕೈಗಳು ಹೊಟ್ಟೆಯ ಮುಂದೆ ಒಂದರ ಮೇಲೊಂದು. ವಡಗರದ ಬಸ್‌ಸ್ಟ್ಯಾಂಡ್ ಎದುರಿನ ಆ ಮೂರು ಅಂತಸ್ತಿನ ಬಟ್ಟೆ ಅಂಗಡಿಯಲ್ಲಿ ಹೇಗೆ ನಿಲ್ಲುತ್ತಿದ್ದರೋ ಥೇಟ್ ಹಾಗೇ.

ಪ್ರೇಮಜಳ ಅಣ್ಣ ದಾಸನ್ ಹೆಗಲ ಮೇಲೆ ಟವೆಲು ಹಾಕಿಕೊಂಡು ಅತ್ತಿತ್ತ ಓಡಾಡುತ್ತಿದ್ದವನು ಅವರ ಮುಂದೆ ನಿಂತ.

“ಅಲ್ಲಾ, ಇಷ್ಟು ಕುರ್ಚಿ ತರಿಸಿದ್ದು ಕಾಗೆ ಕೂರೋಕಾ? ಕೂತ್ಕೊಳ್ಳಿ ಮಕ್ಕಳೇ.”

“ಇರ್ಲಿ ದಾಸೇಟ್ಟಾ. ಅಭ್ಯಾಸ ಆಗಿಹೋಗಿದೆ,” ಅಂದಳು ಜಿಷ. ಎಲ್ಲರಿಗಿಂತ ಸಣ್ಣವಳು, ಕಳೆದ ಓಣಂಗೆ ಸೇರಿದವಳು.

“ಅಭ್ಯಾಸ ಅಲ್ವೇ ಹುಡುಗಿ,” ಎಂದಳು ಪಕ್ಕದಲ್ಲಿದ್ದ ಸುಬೈದಾ. ಪ್ರೇಮಜಳ ಜೊತೆಗೇ ಅಂಗಡಿ ಸೇರಿದ್ದವಳು. ಅಳುವ ಮುಖದಲ್ಲೂ ಅವಳ ನಾಲಿಗೆ ಮೊಂಡಾಗಿರಲಿಲ್ಲ. “ಸಾರ್ ಬಂದ್ರಲ್ಲ, ನೋಡು. ಸಾರ್ ಮುಖ ಕಂಡ ಕೂಡ್ಲೇ ನಮ್ಮ ಮೊಣಕಾಲಿಗೆ ಮಡಚೋದೇ ಮರೆತುಹೋಗುತ್ತೆ.”

ಒಬ್ಬಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತದ್ದೋ ನಕ್ಕದ್ದೋ ತಿಳಿಯಲಿಲ್ಲ.

“ಸುಬೈದಾತ್ತಾ, ಇಲ್ಲಿ ಯಾರೂ ಏನೂ ಅನ್ನಲ್ಲ,” ಎಂದ ಸುಜೀಶ್ ಮೆಲ್ಲಗೆ.

“ಅಲ್ಲಿ ಮಾತ್ರ ಅಂತೀರಾ?”

ಮನೆಯ ತೆಂಕು ಬದಿಯಲ್ಲಿ ಮಾವಿನ ಮರ ಕಡಿಯುವ ಸದ್ದು ಕೇಳುತ್ತಿತ್ತು. ಅಲ್ಲೇ ಹಿತ್ತಲಲ್ಲಿ ಚಿತೆ. ಕೊಡಲಿಯ ಒಂದೊಂದು ಏಟಿಗೂ ಸುಜೀಶ್ ಕೈಯಲ್ಲಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

*

ಅವನು ಆ ಅಂಗಡಿಗೆ ಬಂದಾಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಗೋದಾಮಿನಿಂದ ಗಂಟು ಹೊತ್ತು ತಂದು ಹಾಕುವ ಕೆಲಸ. ಸೀರೆಯ ಕೌಂಟರಿನಲ್ಲಿ ಪ್ರೇಮಜ ಇದ್ದಳು. ಊರಿನ ಅರ್ಧ ಮದುವೆಗಳಿಗೆ ಸೀರೆ ಅವಳ ಕೈಯಿಂದಲೇ ಹೋಗಿರುತ್ತಿತ್ತು. ಮದುಮಗಳನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, ಯಾರ ಮಾತನ್ನೂ ಕೇಳದೆ ಒಂದೇ ಒಂದು ಸೀರೆ ಎಳೆಯುತ್ತಿದ್ದಳು. ನೂರು ಸೀರೆ ಬಿಚ್ಚಿಸಿ ನೋಡಿದವರೂ ಕೊನೆಗೆ ಆ ಮೊದಲನೆಯದಕ್ಕೇ ಬಂದು ನಿಲ್ಲುತ್ತಿದ್ದರು. ಆಗ ಅವಳ ಮುಖ ನೋಡಬೇಕಿತ್ತು. ಸೀರೆ ತಾನೇ ಉಟ್ಟು ಹೊರಟಂತೆ ಹಿಗ್ಗುತ್ತಿದ್ದಳು.

“ಬಾರೋ ಇಲ್ಲಿ,” ಅಂತ ಅವನನ್ನು ಕರೆದು ಕಲಿಸಿದ್ದು ಅವಳೇ. “ಸೀರೆ ತೋರಿಸೋದಲ್ಲ ಸುಜೀ, ಹಾರಿಸ್ಬೇಕು. ಮಣಿಕಟ್ಟಿನಿಂದ. ಹಾಂ, ಹಾಗೆ. ಒಳಗೆ ಗಾಳಿ ಹೋಗ್ಬೇಕು. ಬಟ್ಟೆಗೆ ಉಸಿರು ಬಂದ್ರೆ ಕೊಳ್ಳೋರಿಗೂ ಬರುತ್ತೆ.”

ಅವನು ಹಾರಿಸಿದ ಮೊದಲ ಸೀರೆ ಗಿರಾಕಿಯ ತಲೆಯ ಮೇಲೆ ಬಿದ್ದಿತ್ತು. ಪ್ರೇಮಜ ಬಗ್ಗಿ ಕೌಂಟರಿನ ಕೆಳಗೆ ಮುಖ ಮುಚ್ಚಿಕೊಂಡು ನಕ್ಕಿದ್ದಳು.

ಕೋಡಿಯ ಕಪಾಟು ಮೂಲೆಯಲ್ಲಿತ್ತು. ಅದರ ಮುಂದೆ ನಿಂತಾಗ ಮಾತ್ರ ಅವಳ ದನಿ ಬೇರೆಯಾಗುತ್ತಿತ್ತು. “ಇದನ್ನ ಹಾರಿಸ್ಬಾರದು. ಯಾವತ್ತೂ ಹಾರಿಸ್ಬಾರದು. ಬಿಚ್ಚಿ ತೋರಿಸೋದೂ ಬೇಡ. ನ್ಯೂಸ್‌ಪೇಪರಲ್ಲಿ ಸುತ್ತಿ ಎರಡೂ ಕೈಲಿ ಕೊಡು. ನಗ್ಬೇಡ. ಮತ್ತೆ ಬನ್ನಿ ಅನ್ಬೇಡ. ಇದಕ್ಕೆ ಯಾರಪ್ಪಾ ಮತ್ತೆ ಬರ್ತಾರೆ?”

ಹಳೇ ಫ್ಲೋರ್ ಮ್ಯಾನೇಜರ್ ದುಬೈಗೆ ಹೋದಾಗ ಆ ಜಾಗ ಪ್ರೇಮಜಳಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಸುಜೀಶನೂ ಅಂದುಕೊಂಡಿದ್ದ. ಮುದಲಾಳಿ ಅವನನ್ನು ಕರೆಸಿ ಬೀಗದ ಕೈ ಕೊಟ್ಟ. “ಹೆಣ್ಣು ಹೆಣ್ಣಿನ ಮಾತು ಕೇಳಲ್ಲ ಕಣೋ. ಫ್ಲೋರಿಗೆ ಗಂಡಸಿನ ದನಿ ಬೇಕು.” ಸುಜೀಶನ ದನಿ ಕೀರಲು. ಫ್ಲೋರಿನ ಆ ತುದಿಯಿಂದ ಈ ತುದಿಗೆ ಕೇಳುತ್ತಿದ್ದದ್ದು ಪ್ರೇಮಜಳ ದನಿ. ಅವನು ಅದನ್ನು ಹೇಳಲಿಲ್ಲ. ಬೀಗದ ಕೈ ಇಸಿದುಕೊಂಡ.

ಮರುದಿನ ಅವಳು ಮನೆಯಿಂದ ಉಣ್ಣಿಯಪ್ಪ ಮಾಡಿ ತಂದಿದ್ದಳು. ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದು, “ಆಯ್ತಪ್ಪಾ, ಸಾರ್ ಆದೆ. ಇನ್ನು ಸುಜೀ ಅನ್ನೋ ಹಾಗಿಲ್ಲ,” ಅಂದಳು. ಕಣ್ಣು ಮಾತ್ರ ಅವನ ಮುಖದ ಮೇಲಿರಲಿಲ್ಲ. “ಮೊದಲು ನಮಗೊಂದು ಸ್ಟೂಲ್ ಹಾಕಿಸು ಮಾರಾಯಾ. ಗಿರಾಕಿ ಇಲ್ಲದಾಗ ಅಂಡೂರಿದ್ರೆ ಅಂಗಡಿ ಮುಳುಗುತ್ತಾ?”

“ಹಾಕಿಸ್ತೀನಿ ಚೇಚಿ. ನಿಮ್ಮಾಣೆ.”

ಒಂದು ವಾರದಲ್ಲಿ ಅವನ ಕ್ಯಾಬಿನ್ನಿಗೆ ತಿರುಗುವ ಕುರ್ಚಿ ಬಂತು. ಸ್ಟೂಲಿನ ಮಾತು ಬಾಯಿಯವರೆಗೆ ಬಂದು ಬಂದು ವಾಪಸು ಹೋಯಿತು. ಕುರ್ಚಿಯಲ್ಲಿ ಕೂತವನಿಗೆ ನಿಂತವರ ಕಾಲು ಕಾಣುವುದಿಲ್ಲ, ಅಷ್ಟೇ.

*

“ಕೋಡಿ ಹಾಕೋರು ಬನ್ನಿ,” ದಾಸನ್ ಒಳಗಿನಿಂದ ಕೂಗಿದ.

ನಡುಮನೆಯಲ್ಲಿ ಬಾಳೆ ಎಲೆಯ ಮೇಲೆ ಪ್ರೇಮಜಳನ್ನು ಮಲಗಿಸಿದ್ದರು. ತಲೆಯ ಬಳಿ ದೀಪ, ಒಡೆದ ತೆಂಗಿನಕಾಯಿಯ ಎರಡು ಹೋಳಿನಲ್ಲಿ ಬತ್ತಿ. ಮುದುಕಿಯೊಬ್ಬಳು ಮೂಲೆಯಲ್ಲಿ ಕೂತು ಗೊಣಗುತ್ತಿದ್ದಳು: “ಮಗು ಈಗ ಮಲಗಿದೆ. ಈಗ ಮಲಗಿದೆ.” ಅದು ಪ್ರೇಮಜಳ ತಾಯಿ. ಅವಳ ಹಿಂದೆ ಮೊಮ್ಮಗಳು ಹೃದ್ಯ. ಗಂಡ ಬಿಟ್ಟುಹೋದ ಮೇಲೆ ಪ್ರೇಮಜ ಸಾಕಿದ್ದು ಈ ಇಬ್ಬರನ್ನೇ.

ನೆಂಟರು ಒಬ್ಬೊಬ್ಬರಾಗಿ ಬಟ್ಟೆ ಹೊದಿಸಿ ಕಾಲು ಮುಟ್ಟಿ ಪಕ್ಕಕ್ಕೆ ಸರಿದರು. ಸುಜೀಶನ ಸರದಿ ಬಂತು. ಹೆಬ್ಬೆರಳುಗಳನ್ನು ಸೇರಿಸಿ ಬಿಳಿ ದಾರದಿಂದ ಕಟ್ಟಿದ್ದ ಆ ಪಾದಗಳನ್ನು ಅವನು ಅದೇ ಮೊದಲು ಸರಿಯಾಗಿ ನೋಡಿದ. ಊದಿಕೊಂಡಿದ್ದವು. ಹಿಮ್ಮಡಿಯಿಂದ ಮೇಲಕ್ಕೆ ನೀಲಿ ನರಗಳು ಎರೆಹುಳುಗಳ ಹಾಗೆ ಗಂಟುಗಂಟಾಗಿ ಹತ್ತಿದ್ದವು.

“ನೀರೇ ಕುಡೀತಿರ್ಲಿಲ್ಲ ಅಲ್ವಾ,” ಹಿಂದೆ ಯಾರೋ ಪಿಸುಗುಟ್ಟಿದರು. “ಡಾಕ್ಟ್ರು ಬೈದ್ರಂತೆ, ಕಿಡ್ನಿ ಎರಡೂ ಒಣಗಿಸ್ಕೊಂಡಿದ್ದೀಯಲ್ಲಮ್ಮಾ ಅಂತ.”

“ಕುಡಿದು ಎಲ್ಲಿ ಹೋಗ್ಬೇಕಿತ್ತು?” ಅದು ಸುಬೈದಾಳ ದನಿ. “ಒಂದು ಸಲ ಪಕ್ಕದ ಬಿಲ್ಡಿಂಗಿನ ಟಾಯ್ಲೆಟ್ಟಿಗೆ ಹೋಗಿ ಬರೋಕೆ ಹತ್ತು ಸಲ ಸಾರ್ ಸಾರ್ ಅನ್ಬೇಕು.”

ಸುಜೀಶನಿಗೆ ಬೇಗ ಮುಗಿಸಿಬಿಡಬೇಕು ಅನ್ನಿಸಿತು. ಬಟ್ಟೆಯ ಎರಡು ತುದಿ ಹಿಡಿದ. ಮುಂದಿನದನ್ನು ಅವನು ಮಾಡಲಿಲ್ಲ, ಅವನ ಕೈ ಮಾಡಿತು. ಮಣಿಕಟ್ಟು ತಾನಾಗಿ ತಿರುಗಿತು. ಕೋಡಿ ಫಟ್ಟೆಂದು ಬಿಚ್ಚಿ, ಗಾಳಿ ತುಂಬಿ, ದೀಪದ ಮೇಲೆ ಕ್ಷಣ ತೇಲಿ, ಒಂದು ಸುಕ್ಕೂ ಇಲ್ಲದೆ ಅವಳ ಮೇಲೆ ಇಳಿಯಿತು. ಕೌಂಟರಿನ ಮೇಲೆ ಮದುವೆ ಸೀರೆ ಇಳಿಯುವ ಹಾಗೆ. ಆ ಗಾಳಿಗೆ ತೆಂಗಿನ ಹೋಳಿನ ಒಂದು ಬತ್ತಿ ಆರಿಹೋಯಿತು.

“ಛೆ,” ಎಂದ ದಾಸನ್. ಯಾರೋ ಮುಂದೆ ಬಂದು ಬತ್ತಿ ಹಚ್ಚಿದರು.

“ಅವಳೇ ಕಲಿಸಿದ್ದು,” ಸುಬೈದಾ ಬಾಗಿಲಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. “ಹೇಗೆ ಹಾರಿಸ್ಬೇಕು ಅಂತಾನೂ, ಯಾವುದನ್ನ ಹಾರಿಸ್ಬಾರದು ಅಂತಾನೂ. ಒಂದನ್ನ ಕಲಿತ.”

*

ಅವನು ಮ್ಯಾನೇಜರ್ ಆದ ಮೇಲೆ ಒಂದು ದಿನ ಒಬ್ಬಳು ಕೋಡಿಗೆ ಬಂದಿದ್ದಳು.

ಮುದಲಾಳಿ ಕ್ಯಾಬಿನ್ನಿನಲ್ಲಿ ಚಹಾ ಕುಡಿಯುತ್ತಾ ಕೂತಿದ್ದ. ಗೋಡೆಯಲ್ಲಿ ಕ್ಯಾಮೆರಾದ ಪರದೆ. ಹೊಸದಾಗಿ ಹಾಕಿಸಿದ್ದು. ಕಳ್ಳರನ್ನು ಹಿಡಿಯೋಕೆ ಅಂತ ಹಾಕಿಸಿದ್ದರೂ ಮುದಲಾಳಿ ನೋಡುತ್ತಿದ್ದದ್ದು ಕಳ್ಳರನ್ನಲ್ಲ. ಆ ಅಂಗಡಿಯಲ್ಲಿ ಕೂರುವುದು ಕದಿಯುವುದಕ್ಕಿಂತ ದೊಡ್ಡ ತಪ್ಪು. ಕದ್ದವನನ್ನು ಯಾಕೆ ಕದ್ದೆ ಎಂದಾದರೂ ಕೇಳುತ್ತಿದ್ದರು. ಕೂತವಳನ್ನು ಅದೂ ಕೇಳುತ್ತಿರಲಿಲ್ಲ.

“ಯಾರೋ ಅದು? ನೆಲದ ಮೇಲೆ?”

ಪರದೆಯ ಮೂಲೆಯಲ್ಲಿ, ಕೋಡಿಯ ಕಪಾಟಿನ ಮುಂದೆ ಪ್ರೇಮಜ ನೆಲದ ಮೇಲೆ ಕೂತಿದ್ದಳು. ಕಾಲು ಚಾಚಿಕೊಂಡು, ಗೋಡೆಗೆ ಒರಗಿ. ಅವಳ ಹೆಗಲಿಗೆ ತಲೆಯಿಟ್ಟು ಇನ್ನೊಬ್ಬ ಹೆಂಗಸು ಕೂತಿದ್ದಳು. ಪರದೆಗೆ ಸದ್ದಿರಲಿಲ್ಲ. ಆದರೆ ಆ ಹೆಂಗಸಿನ ಬೆನ್ನು ಅದುರುತ್ತಿದ್ದದ್ದು ಸುಜೀಶನಿಗೆ ಕಾಣುತ್ತಿತ್ತು. ಅವಳ ಮಡಿಲಲ್ಲಿದ್ದ ನ್ಯೂಸ್‌ಪೇಪರಿನ ಸುತ್ತೂ ಕಾಣುತ್ತಿತ್ತು. ಕವರಿನಲ್ಲೇ ಕೊಡಬೇಕು, ನಗುತ್ತಲೇ ಕೊಡಬೇಕು ಎಂಬ ಹೊಸ ನಿಯಮ ಬಂದ ಮೇಲೂ ಪ್ರೇಮಜ ಆ ಒಂದು ಬಟ್ಟೆಯನ್ನು ಪೇಪರಿನಲ್ಲೇ ಸುತ್ತುತ್ತಿದ್ದಳು.

ಅವನಿಗೆ ಎಲ್ಲವೂ ತಿಳಿದಿತ್ತು. ‘ಸಾವಿನ ಮನೆಯೋರು, ಮುದಲಾಳಿ’ ಅಂದಿದ್ದರೆ ಸಾಕಿತ್ತು.

“ನಾನು ನೋಡ್ತೀನಿ,” ಎಂದು ಎದ್ದ.

ಕೆಳಗಿಳಿದು ಹೋದ. ತಲೆಯ ಮೇಲೆ ಕ್ಯಾಮೆರಾ ಇತ್ತು. ಅದರ ಆ ಕಡೆ ಮುದಲಾಳಿ. ಸುಜೀಶ್ ಕ್ಯಾಮೆರಾಗೆ ಕಾಣುವ ಹಾಗೆ ಕೈ ಎತ್ತಿ ಎತ್ತಿ ಬೈದ. “ಇದೇನು ನಿಮ್ಮ ಮನೆ ಜಗಲಿನಾ? ಏಳ್ರೀ ಮೇಲೆ!” ಇಡೀ ಫ್ಲೋರು ತಿರುಗಿ ನೋಡಿತು. ಕೀರಲು ದನಿಯಿಂದ ಕೂಗಿದ್ದಕ್ಕೆ ಯಾರೋ ಗಿರಾಕಿ ನಕ್ಕಳು. ಆ ನಗುವಿಗೆ ಅವನ ಸಿಟ್ಟು ನಿಜವೇ ಆಗಿಹೋಯಿತು. “ಕಾಲು ನೋವಾದ್ರೆ ಮನೇಲಿರಿ. ನಾಳೆಯಿಂದ ಕೌಂಟರ್ ಬೇಡ ನಿಮಗೆ. ಬಾಗಿಲಲ್ಲಿ ನಿಂತ್ಕೊಳ್ಳಿ. ನಿಲ್ಲೋದನ್ನ ಕಲೀರಿ ಮೊದಲು.”

ಅಳುತ್ತಿದ್ದ ಹೆಂಗಸು ಗಾಬರಿಯಾಗಿ ಎದ್ದಳು. “ನಂದೇ ತಪ್ಪು ಮೋನೇ. ನನ್ನ ಮಗ ಹೋಗ್ಬಿಟ್ಟ. ಬಟ್ಟೆ ಕೈಗೆ ಬಂದಾಗ ಕಾಲು ಸೋತಿತು. ಇವಳು ಹಿಡ್ಕೊಂಡಳು ಅಷ್ಟೇ.”

ಪ್ರೇಮಜ ಗೋಡೆ ಹಿಡಿದು ಎದ್ದಳು. ಅವನ ಮುಖವನ್ನು ನೋಡಲಿಲ್ಲ. ತಲೆಯೆತ್ತಿ ಕ್ಯಾಮೆರಾ ನೋಡಿದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ, ಅವನಿಗಷ್ಟೇ ಕೇಳುವಂತೆ, “ಆಯ್ತು ಸುಜೀ. ನೋಡ್ತಾ ಇದ್ದಾರೆ, ಅಲ್ವಾ? ಹೋಗು ನೀನು,” ಅಂದಳು.

ಮೇಲೆ ಕ್ಯಾಬಿನ್ನಿನಲ್ಲಿ ಮುದಲಾಳಿ ಅವನ ಬೆನ್ನು ತಟ್ಟಿದ. ಎರಡು ದಿನ ಬಿಟ್ಟು ಕೌಂಟರಿಗೆ ವಾಪಸು ಕಳಿಸೋಣ ಎಂದುಕೊಂಡ ಸುಜೀಶ್. ಎರಡು ದಿನ ವಾರವಾಯಿತು, ವಾರ ಓಣಂ ಆಯಿತು, ಇನ್ನೊಂದು ಓಣಂ ಬಂತು. ಬಾಗಿಲಲ್ಲಿ ನಿಂತವಳಿಗೆ ಬಟ್ಟೆ ಮುಟ್ಟುವ ಹಾಗಿಲ್ಲ. ಒಳಗೆ ಬಂದವರಿಗೆ ಕೈ ಮುಗಿಯಬೇಕು, ಹೊರಗೆ ಹೋಗುವವರಿಗೆ ಕೈ ಮುಗಿಯಬೇಕು. ಹಳೇ ಗಿರಾಕಿಗಳು, “ಪ್ರೇಮಜಾ, ಮಗಳ ಮದುವೆ, ನೀನೇ ಬಂದು ಆರಿಸ್ಕೊಡು,” ಎಂದು ಕೈ ಎಳೆದರೆ, ನಗುತ್ತಾ ಮೇಲೆ ಕ್ಯಾಮೆರಾದ ಕಡೆ ಕಣ್ಣು ತೋರಿಸುತ್ತಿದ್ದಳು. ಸುಜೀಶ್ ದಿನಾ ಬೆಳಿಗ್ಗೆ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತು. ಅವನಿಗೂ ಅವಳು ಕೈ ಮುಗಿಯುತ್ತಿದ್ದಳು. ಕೆಲವು ದಿನ ಅವನು ಗೋದಾಮಿನ ಹಿಂಬಾಗಿಲಿನಿಂದ ನುಸುಳುತ್ತಿದ್ದ.

*

“ಸಾರ್, ಮುದಲಾಳಿ ಈಗಷ್ಟೇ ಫೋನ್ ಮಾಡಿದ್ರು,” ದಾಸನ್ ಅವನನ್ನು ಅಂಗಳದ ಮೂಲೆಗೆ ಕರೆದುಕೊಂಡು ಬಂದ. ಕೋಡಿಯ ವಿಷಯ ಮರೆತವನಂತೆ ಮುಖದಲ್ಲಿ ಸಮಾಧಾನ. “ದೊಡ್ಡ ಮನಸ್ಸು ಬಿಡಿ. ಈ ಕಾಲದಲ್ಲಿ ಯಾರು ಕರೆದು ಕೆಲಸ ಕೊಡ್ತಾರೆ? ಮೋಳೇ, ಬಾ ಇಲ್ಲಿ. ಸಾರ್ ಹೇಳ್ತಾರೆ ಕೇಳು.”

ಹೃದ್ಯ ಬಂದಳು. ಕ್ರಿಯೆಗೆಂದು ಸ್ನಾನ ಮಾಡಿಸಿದ್ದರು. ಕೂದಲಿನಿಂದ ನೀರು ಇಳಿಯುತ್ತಿತ್ತು. ಗೋಡೆಗುಂಟ ನಿಂತ ಹೆಂಗಸರೆಲ್ಲ ಈ ಕಡೆಯೇ ನೋಡುತ್ತಿದ್ದರು.

“ಅಮ್ಮನ ಕೆಲಸ ನಿನಗೆ ಕೊಡ್ತಾರಂತೆ,” ಎಂದ ಸುಜೀಶ್.

“ಅಮ್ಮನ ಕೆಲಸ ಅಂದ್ರೆ ಯಾವುದು ಸುಜೀಶೇಟ್ಟಾ? ಸೀರೆನಾ, ಬಾಗಿಲಾ?”

“ಬಾಗಿಲು.”

“ಬಾಗಿಲೂ ಒಳ್ಳೇದೇ ಅಲ್ವಾ,” ದಾಸನ್ ನಡುವೆ ಬಾಯಿ ಹಾಕಿದ. “ಏನು ಭಾರ ಎತ್ತಬೇಕಾ? ಸುಮ್ನೆ ನಿಂತ್ರಾಯ್ತು.”

ಹೃದ್ಯ ಮಾವನ ಕಡೆ ತಿರುಗಲಿಲ್ಲ. “ಅಮ್ಮ ಅದನ್ನ ಪ್ರಮೋಷನ್ ಅಂತಿದ್ಲು. ಅಂಗಡಿಗೆ ಬಂದೋರು ಮೊದಲು ನೋಡೋದು ನನ್ನ ಮುಖಾನೇ, ನಮ್ಮ ಸುಜೀನೇ ನನ್ನನ್ನ ಮುಂದೆ ನಿಲ್ಲಿಸಿದ್ದು ಅಂತ. ಊರೆಲ್ಲ ಹೇಳ್ಕೊಂಡು ಬಂದಳು. ಆದ್ರೆ ಮನೆಗೆ ಬಂದ ಮೇಲೆ ಮಂಚದ ಮೇಲೆ ನನ್ನ ಶಾಲುಗಳನ್ನ ಹಾರಿಸಿ ಹಾರಿಸಿ ಮಡಚೋಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಹಾರಿಸೋಳು. ಪ್ರಮೋಷನ್ ಸಿಕ್ಕೋರು ಹಾಗೆ ಮಾಡ್ತಾರಾ?”

ಪ್ರೇಮಜ ಬೈದುಕೊಂಡಿರುತ್ತಾಳೆ, ಶಾಪ ಹಾಕಿರುತ್ತಾಳೆ ಎಂದೇ ಸುಜೀಶ್ ಇಷ್ಟು ದಿನ ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ನೆಮ್ಮದಿ ಇತ್ತು. ಅದೂ ಹೋಯಿತು.

“ಪ್ರಮೋಷನ್ ಅಲ್ಲ,” ಎಂದ. “ಶಿಕ್ಷೆ. ಕೂತಿದ್ದಕ್ಕೆ. ನಾನೇ ಕೊಟ್ಟಿದ್ದು. ಕೂತದ್ದು ಯಾಕೆ ಅಂತ ಗೊತ್ತಿದ್ದೂ ಕೊಟ್ಟೆ.”

“ಅಯ್ಯೋ, ಈಗ ಅದೆಲ್ಲ ಯಾಕೆ ಸಾರ್,” ದಾಸನ್ ಸುತ್ತ ನೋಡಿದ.

“ನೀನು ಬರ್ಬೇಡ ಹೃದ್ಯಾ. ಆ ಬಾಗಿಲಿಗೆ ಬರ್ಬೇಡ.”

ಇದನ್ನು ಹೇಳಿ ಮುಗಿಸಿದಾಗ ಅವನಿಗೆ ಎದೆ ಸ್ವಲ್ಪ ಹಗುರವಾದಂತೆ ಅನ್ನಿಸಿತು. ಹೃದ್ಯ ಅದನ್ನು ಅವನ ಮುಖದಲ್ಲಿ ಕಂಡಳು.

“ಅಮ್ಮನಿಗೆ ನಿಲ್ಲು ಅಂದಿದ್ದು ನೀವು. ನನಗೆ ಬರ್ಬೇಡ ಅನ್ನೋದೂ ನೀವೇನಾ?” ಅವಳ ದನಿ ಏರಲಿಲ್ಲ. “ಯಾಕೆ ಬರ್ಬಾರದು? ಆ ಕೆಲಸ ಅಂದ್ರೆ ಅವಳಿಗೆ ಜೀವ. ಅಂಥ ಕೆಲಸ ಬಿಟ್ಟು ನಾನು ಮನೇಲಿ ಕೂತು ಅಳ್ಬೇಕಾ, ನಿಮಗೆ ನಿದ್ದೆ ಬರ್ಲಿ ಅಂತ? ಬರ್ತೀನಿ. ಬಾಗಿಲಿಗಲ್ಲ, ಸೀರೆಗೆ. ಕೌಂಟರ್ ಹಿಂದೆ ಸ್ಟೂಲ್ ಹಾಕಿಸಿ, ಅವತ್ತೇ ಬರ್ತೀನಿ.” ಅವಳು ಮುಖದ ಮೇಲಿನ ನೀರು ಒರೆಸಿಕೊಂಡಳು. “ಹಾಕಿಸೋಕಾಗಲ್ಲ ಅಂತಿದ್ರೆ ನನಗೆ ಹೇಳ್ಬೇಡಿ. ಒಳಗೆ ಮಲಗಿದ್ದಾಳೆ. ಅವಳಿಗೆ ಹೇಳಿ ಹೋಗಿ.”

ಅವಳು ಒಳಗೆ ಹೋದಳು. ಹಿತ್ತಲಲ್ಲಿ ಕೊಡಲಿಯ ಸದ್ದು ನಿಂತಿತ್ತು.

ರಸ್ತೆಯಲ್ಲಿ ವ್ಯಾನಿನ ಹಾರ್ನು ಕೂಗಿತು. ಅದರ ಬೆನ್ನಿಗೇ ಸುಜೀಶನ ಜೇಬಿನಲ್ಲಿ ಫೋನು. ಮುದಲಾಳಿ. ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ಜಿಷ ಚಪ್ಪಲಿ ಹುಡುಕಲು ಬಗ್ಗಿದಳು.

“ಹೋಗೋಣ್ವಾ ಸಾರ್?” ಸುಬೈದಾ ಕೇಳಿದಳು. “ಅವಳಿಗೆ ಬೆಂಕಿ ಇಡೋ ಮೊದಲೇ ಹೋಗಿ ನಿಂತ್ಕೊಳ್ಳೋಣ್ವಾ?”

ಸುಜೀಶ್ ಫೋನು ತೆಗೆದು ನೋಡಿದ. ವಾಪಸು ಜೇಬಿಗೆ ಹಾಕಿದ. ಫೋನು ಆ ಮುದುರಿದ ಕವರಿಗೆ ತಾಗಿ ಬಡಬಡ ಸದ್ದು ಮಾಡುತ್ತಲೇ ಇತ್ತು.

ಅವನು ಉತ್ತರ ಕೊಡುವವರೆಗೆ ಸುಬೈದಾ ಕಾಯಲಿಲ್ಲ. ಮುಂದಿನ ಸಾಲಿನ ಒಂದು ಕುರ್ಚಿಯನ್ನು ಕರ್ರೆಂದು ಎಳೆದು, ಸೀರೆ ಸರಿಮಾಡಿಕೊಂಡು, ಧಪ್ಪೆಂದು ಕೂತಳು. “ನೋಡಿ, ಕೂತೆ. ಇಲ್ಲೂ ಕ್ಯಾಮೆರಾ ಇದ್ರೆ ಈ ಕಡೆ ತಿರುಗಿಸಿ.”

ಆಮೇಲೆ ಜಿಷ ಕೂತಳು. ಅವಳ ಪಕ್ಕ ಇನ್ನೊಬ್ಬಳು. ಗೋಡೆಗುಂಟ ಇದ್ದ ಮರೂನ್ ಸಾಲು ಒಂದೊಂದಾಗಿ ಕಳಚಿ ಕುರ್ಚಿಗಳ ಮೇಲೆ ಇಳಿಯಿತು. ಯಾರೋ ಕಾಲು ಎತ್ತಿ ಮೊಣಕಾಲ ಮೇಲಿಟ್ಟುಕೊಂಡು ಅಂಗಾಲು ಉಜ್ಜಿಕೊಳ್ಳತೊಡಗಿದಳು. ಯಾರೋ ಬಿಕ್ಕಿದಳು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಕೂತ ಮೇಲೆ ಎಲ್ಲರಿಗೂ ಒಟ್ಟಿಗೆ ಬಂತು.

ಸುಜೀಶ್ ಗೇಟಿನವರೆಗೆ ನಡೆದ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ಎಲ್ಲಿ ಸಾರ್ ಇವರೆಲ್ಲ? ಮುದಲಾಳಿ ನನಗೂ ಫೋನ್ ಮಾಡ್ತಿದ್ದಾರೆ,” ಎಂದ.

“ನೀನು ಹೋಗು.”

“ಖಾಲೀನಾ?”

“ಖಾಲಿ.”

ವ್ಯಾನು ಹೊಗೆ ಬಿಟ್ಟು ತಿರುವು ದಾಟಿತು. ಅವನು ಗೇಟಿನ ಕಂಬದ ಬಳಿಯೇ ನಿಂತ. ಸುದ್ದಿ ತಡವಾಗಿ ಮುಟ್ಟಿದವರು ಈಗ ಬರತೊಡಗಿದ್ದರು. ಬಿಸಿಲಲ್ಲಿ ಕೊಡೆ ಹಿಡಿದ ಮುದುಕಿಯರು, ಪ್ರೇಮಜ ಸೀರೆ ಆರಿಸಿಕೊಟ್ಟ ಹೆಂಗಸರು, ಅವರ ಸೊಸೆಯಂದಿರು. ಯಾರೋ ಒಳಗಿನಿಂದ ಒಂದು ಕುರ್ಚಿ ತಂದು ಅವನ ಹಿಂದೆ ಇಟ್ಟು ಹೋದರು. ಅವನು ಅದರ ಕಡೆ ತಿರುಗಲಿಲ್ಲ. ಮೀನಖಂಡ ಆಗಲೇ ಸೆಳೆಯಲು ಶುರುವಾಗಿತ್ತು.

ಮೊದಲು ಬಂದ ಮುದುಕಿ ಅವನನ್ನು ಮನೆಯವನೆಂದೇ ತಿಳಿದು ಎದುರು ನಿಂತಳು. ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಸುಜೀಶ್ ಎರಡೂ ಕೈ ಎತ್ತಿ ಮುಗಿದ. ಆಕೆ ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಅವಳಿಗೂ ಮುಗಿದ.